ವಿಹಾರನೌಕೆಯಿಂದ ಇಳಿದ ಕಥೆಗಾರ: ಸ್ಟೀವನ್‌ಸನ್ನನ ಶಾಂತಸಾಗರ ಯಾನ ಮತ್ತು ಸಮೋವಾ

ಇಂಗ್ಲಿಷ್ ಸಾಹಿತ್ಯದ ವಿದ್ಯಾರ್ಥಿಗಳಿಗೆ ರಾಬರ್ಟ್ ಲೂಯಿ ಸ್ಟೀವನ್‌ಸನ್ (1850–1894) ‘ಟ್ರೆಷರ್ ಐಲೆಂಡ್’ ಕಾದಂಬರಿಯ ಕರ್ತೃವಾಗಿ ಚಿರಪರಿಚಿತನು. ಆ ಕೃತಿ ಪುಸ್ತಕರೂಪದಲ್ಲಿ ಬಂದದ್ದು 1883ರಲ್ಲಿ. ಅದನ್ನು ಬರೆಯುವ ಹೊತ್ತಿಗೆ ಅವನು ಉಷ್ಣವಲಯದ ಒಂದು ದ್ವೀಪವನ್ನೂ ಕಣ್ಣಾರೆ ಕಂಡಿರಲಿಲ್ಲ. ಐದು ವರ್ಷಗಳ ತರುವಾಯ, 1888ರ ಜೂನ್ 28ರಂದು, ‘ಕ್ಯಾಸ್ಕೋ’ ಎಂಬ ಬಾಡಿಗೆಯ ವಿಹಾರನೌಕೆಯಲ್ಲಿ ಅವನು ಕುಟುಂಬಸಮೇತನಾಗಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಶಾಂತಸಾಗರಕ್ಕೆ ಹೊರಟನು. ಏಳು ತಿಂಗಳ ವಿಹಾರವೆಂದು ಯೋಜಿತವಾಗಿದ್ದ ಆ ಯಾನ ಅವನ ಮರಣದವರೆಗೂ ಮುಗಿಯಲಿಲ್ಲ. ಅವನು ಮತ್ತೆ ಯುರೋಪನ್ನು ಕಾಣಲಿಲ್ಲ. ಸಮೋವಾ ದ್ವೀಪಸಮೂಹದ ಉಪೋಲುವಿನಲ್ಲಿ, ವೇಯಾ ಬೆಟ್ಟದ ನೆತ್ತಿಯ ಮೇಲೆ ಅವನ ಸಮಾಧಿಯಿದೆ.

ಈ ಯಾನವನ್ನು ರೋಗಿಯೊಬ್ಬನ ಆರೋಗ್ಯಾನ್ವೇಷಣೆಯೆಂದು ವಿವರಿಸುವುದು ವಾಡಿಕೆ. ಆ ವಿವರಣೆ ಸರಿಯೇ, ಆದರೆ ಸಾಹಿತ್ಯಚರಿತ್ರೆಗೆ ಅದು ಸಾಲದು. ಪ್ರಯಾಣಿಕನು ಯಾವ ಹಡಗಿನಲ್ಲಿ ಬಂದನೆಂಬುದು ಅವನು ಏನನ್ನು ಕಾಣಬಲ್ಲನೆಂಬುದನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಸ್ಟೀವನ್‌ಸನ್ ಮೊದಲು ವಿಹಾರನೌಕೆಯಲ್ಲಿ, ಅನಂತರ ಕೊಬ್ಬರಿ ವ್ಯಾಪಾರದ ಹಡಗಿನಲ್ಲಿ ಸಂಚರಿಸಿ, ಕಡೆಗೆ ನೆಲದ ಮೇಲೆ ನೆಲೆನಿಂತನು. ಈ ಮೂರು ಹಂತಗಳಲ್ಲಿ ಅವನ ದೃಷ್ಟಿಯೂ ಗದ್ಯವೂ ಹೇಗೆ ಬದಲಾದವು, ಆ ಬದಲಾವಣೆಯ ಮಿತಿ ಎಲ್ಲಿತ್ತು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಹೊರಡುವ ಮುನ್ನ

ಸ್ಟೀವನ್‌ಸನ್ನನ ಮನೆತನ ಕಡಲಿಗೆ ಹೊಸದಲ್ಲ. ಅವನ ಅಜ್ಜ ರಾಬರ್ಟ್ ಸ್ಟೀವನ್‌ಸನ್ ಸ್ಕಾಟ್ಲೆಂಡಿನ ಪೂರ್ವ ಕರಾವಳಿಯಾಚೆಯ ಬೆಲ್ ರಾಕ್ ಬಂಡೆಯ ಮೇಲೆ ದೀಪಸ್ತಂಭ ಕಟ್ಟಿದ ಖ್ಯಾತ ಎಂಜಿನಿಯರ್. ತಂದೆ ಥಾಮಸನದೂ ಅದೇ ವೃತ್ತಿ. ಮಗನಾದರೋ ಎಂಜಿನಿಯರಿಂಗ್ ಬಿಟ್ಟು ಕಾನೂನು ಓದಿ, ಅದನ್ನೂ ಬದಿಗಿಟ್ಟು ಬರವಣಿಗೆಯನ್ನು ಹಿಡಿದನು. ಬಾಲ್ಯದಿಂದಲೂ ಅವನ ಶ್ವಾಸಕೋಶ ದುರ್ಬಲ. ಆಗಾಗ ರಕ್ತ ಕಾರುತ್ತಿದ್ದ ಅವನಿಗೆ ಕ್ಷಯರೋಗವಿದೆಯೆಂದು ಸಮಕಾಲೀನರು ಭಾವಿಸಿದ್ದರು. 1887ರ ಮೇ ತಿಂಗಳಲ್ಲಿ ತಂದೆ ತೀರಿಕೊಂಡ ಮೇಲೆ ಅವನು ಬ್ರಿಟನ್ನನ್ನು ಬಿಟ್ಟು ಅಮೆರಿಕಕ್ಕೆ ಬಂದು, ನ್ಯೂಯಾರ್ಕ್ ರಾಜ್ಯದ ಸಾರನಾಕ್ ಸರೋವರದ ಬಳಿ, ಕ್ಷಯರೋಗಿಗಳ ಚಿಕಿತ್ಸೆಗೆ ಹೆಸರಾಗಿದ್ದ ವೈದ್ಯ ಎಡ್ವರ್ಡ್ ಟ್ರೂಡೊನ ಆರೈಕೆಯಲ್ಲಿ ಒಂದು ಕಠಿಣ ಚಳಿಗಾಲವನ್ನು ಕಳೆದನು.

ಅಲ್ಲಿಯೇ ದಕ್ಷಿಣ ಸಮುದ್ರದ ಆಲೋಚನೆ ಗಟ್ಟಿಯಾಯಿತು. ಅಮೆರಿಕದ ಪ್ರಕಾಶಕ ಸ್ಯಾಮ್ಯುಯೆಲ್ ಮೆಕ್ಲೂರ್ ಪ್ರಯಾಣಪತ್ರಗಳನ್ನು ಬರೆದುಕೊಟ್ಟರೆ ಹಣ ನೀಡುವುದಾಗಿ ಮುಂದೆ ಬಂದನು. ತಂದೆಯಿಂದ ಬಂದ ಆಸ್ತಿಯ ಹಣದಲ್ಲಿ ದೊಡ್ಡ ಪಾಲನ್ನು ಸ್ಟೀವನ್‌ಸನ್ ಈ ಯಾನಕ್ಕೆ ಪಣವಾಗಿ ಒಡ್ಡಿದನು. ಕ್ಯಾಲಿಫೋರ್ನಿಯಕ್ಕೆ ಹೋಗಿದ್ದ ಪತ್ನಿ ಫ್ಯಾನಿ ಹಡಗನ್ನು ಹುಡುಕಿದಳು. ಅದುವೇ ಕ್ಯಾಸ್ಕೋ: 95 ಅಡಿ ಉದ್ದ, ಸುಮಾರು 70 ಟನ್ ತೂಕದ, ಎರಡು ಹಾಯಿಕಂಬಗಳ ಸ್ಕೂನರ್. ಓಕ್‌ಲೆಂಡಿನ ಶ್ರೀಮಂತ ವೈದ್ಯ ಸ್ಯಾಮ್ಯುಯೆಲ್ ಮೆರಿಟ್ ಅದರ ಒಡೆಯ. ಕಪ್ತಾನ ಆಲ್ಬರ್ಟ್ ಓಟಿಸ್. ಸ್ಟೀವನ್‌ಸನ್, ಫ್ಯಾನಿ, ಆಕೆಯ ಮಗ ಲಾಯ್ಡ್ ಆಸ್ಬರ್ನ್, ವಿಧವೆಯಾದ ತಾಯಿ ಮಾರ್ಗರೆಟ್ ಮತ್ತು ಮನೆಗೆಲಸದ ವ್ಯಾಲಂಟೀನ್ ರೋಷ್ ಆ ನೌಕೆಯ ಯಾತ್ರಿಕರು.

ಮಖಮಲ್ಲಿನ ಕೋಣೆ ಮತ್ತು ಬರಿದಾದ ಕಣಿವೆ

ಸುಮಾರು ಒಂದು ತಿಂಗಳ ಯಾನದ ಬಳಿಕ ಜುಲೈ ತಿಂಗಳಲ್ಲಿ ಕ್ಯಾಸ್ಕೋ ಮಾರ್ಕೆಸಾಸ್ ದ್ವೀಪಸಮೂಹದ ನುಕು ಹಿವಾ ದ್ವೀಪವನ್ನು ತಲುಪಿ ಅನಾಹೊ ಕೊಲ್ಲಿಯಲ್ಲಿ ಲಂಗರು ಹಾಕಿತು. ಸ್ಟೀವನ್‌ಸನ್ನನ ಮರಣಾನಂತರ, 1896ರಲ್ಲಿ, ಗ್ರಂಥವಾಗಿ ಬಂದ ‘ಇನ್ ದ ಸೌತ್ ಸೀಸ್’ ಆರಂಭವಾಗುವುದು ಈ ಆಗಮನದ ವರ್ಣನೆಯಿಂದಲೇ.

ಈ ಮೊದಲ ಭೇಟಿಯಲ್ಲಿ ಯಾರು ಯಾರನ್ನು ನೋಡಿದರೆಂಬುದು ಗಮನಾರ್ಹ. ದ್ವೀಪವಾಸಿಗಳು ದೋಣಿಗಳಲ್ಲಿ ಬಂದು ನೌಕೆಯನ್ನೇರಿದರು. ತಾವು ತಂದ ವಸ್ತುಗಳಿಗೆ ಅವರು ಕೇಳಿದ ಬೆಲೆಯನ್ನು ಯಾತ್ರಿಕರು ಕೊಡದಿದ್ದಾಗ, ಇಷ್ಟು ಸಿರಿಯ ಹಡಗಿನವರು ಹೀಗೇಕೆ ಎಂಬ ಹಂಗಿಸುವಿಕೆಯೂ ನಡೆಯಿತು. ಕ್ಯಾಸ್ಕೋದ ಒಳಕೋಣೆಯಲ್ಲಿ ಚಿನ್ನದ ಲೇಪದ ಕನ್ನಡಿಗಳಿದ್ದವು, ಮಖಮಲ್ಲಿನ ಆಸನಗಳಿದ್ದವು. ಬಂದವರು ಅವುಗಳನ್ನು ಮುಟ್ಟಿ ಮುಟ್ಟಿ ನೋಡಿದರು. ತಾನು ಅವರನ್ನು ಅಭ್ಯಸಿಸಲು ಬಂದವನೆಂದು ಲೇಖಕನು ಭಾವಿಸಿದ್ದರೆ, ಅವನ ನೌಕೆಯೇ ಅವರಿಗೆ ಒಂದು ವಸ್ತುಸಂಗ್ರಹಾಲಯವಾಯಿತು. ವಿಹಾರನೌಕೆಯ ಪ್ರಯಾಣಿಕನು ದ್ವೀಪದ ಜೀವನವ್ಯವಹಾರಕ್ಕೆ ಸೇರಿದವನಲ್ಲ. ಅವನು ಕೊಳ್ಳುವುದಿಲ್ಲ, ಮಾರುವುದಿಲ್ಲ, ಆಳುವುದಿಲ್ಲ, ಧರ್ಮಬೋಧನೆ ಮಾಡುವುದಿಲ್ಲ. ಏತಕ್ಕಾಗಿ ಬಂದನೆಂಬುದು ದ್ವೀಪವಾಸಿಗಳಿಗೆ ಒಗಟು.

ಆ ಒಗಟಿನ ನಡುವೆಯೇ ಅವನ ಕಣ್ಣಿಗೆ ಬಿದ್ದದ್ದು ಜನಕ್ಷಯ. ಫ್ರಾನ್ಸಿನ ಆಳ್ವಿಕೆಯಲ್ಲಿದ್ದ ಮಾರ್ಕೆಸಾಸ್‌ನಲ್ಲಿ ಕಣಿವೆಯ ಮೇಲೆ ಕಣಿವೆ ಬರಿದಾಗುತ್ತಿತ್ತು. ಹಾಪಾ ಎಂಬ ಬುಡಕಟ್ಟಿನ ಬಗ್ಗೆ ಕೇಳಿದ ವೃತ್ತಾಂತವನ್ನು ಅವನು ದಾಖಲಿಸುತ್ತಾನೆ. ಸುಮಾರು ನಾನೂರು ಜನರಿದ್ದ ಆ ಬುಡಕಟ್ಟಿನ ಕಾಲುಭಾಗವನ್ನು ಮೊದಲು ಸಿಡುಬು ಕೊಂದಿತು. ಆರು ತಿಂಗಳಲ್ಲಿ ಒಬ್ಬ ಹೆಂಗಸಿಗೆ ಕ್ಷಯ ತಗುಲಿತು. ವರ್ಷ ತುಂಬುವುದರೊಳಗೆ ಒಬ್ಬ ಗಂಡಸು ಮತ್ತು ಒಬ್ಬ ಹೆಂಗಸು ಮಾತ್ರ ಉಳಿದು, ಆ ಕಣಿವೆಯನ್ನೇ ತೊರೆದು ಹೋದರು. ಯಾವ ರೋಗದ ಭಯದಿಂದ ಸ್ಟೀವನ್‌ಸನ್ ಬೆಚ್ಚನೆಯ ಗಾಳಿಯನ್ನರಸಿ ಬಂದನೋ ಅದೇ ರೋಗ ಆ ಗಾಳಿಯಲ್ಲೇ ಹುಟ್ಟಿ ಬೆಳೆದ ಜನರನ್ನು ಅಳಿಸಿಹಾಕುತ್ತಿತ್ತು. ಅವನಿಗೆ ಜೀವದಾನ ಮಾಡಿದ ಕಡಲಮಾರ್ಗದಲ್ಲೇ ಅವರಿಗೆ ಮೃತ್ಯು ಬಂದಿತ್ತು. ಈ ಯಾನದ ಕುರಿತಾದ ಯಾವ ಚರ್ಚೆಯೂ ಈ ವೈರುಧ್ಯವನ್ನು ಬದಿಗಿಟ್ಟು ಮುಂದುವರಿಯಲಾರದು.

ಮಾರ್ಕೆಸಾಸ್‌ನಲ್ಲಿ ಅವನು ರೂಢಿಸಿಕೊಂಡ ಒಂದು ವಿಧಾನ ಸಂಶೋಧಕರಿಗೆ ಆಸಕ್ತಿದಾಯಕವಾದುದು. ದ್ವೀಪವಾಸಿಗಳ ನಂಬಿಕೆ, ಆಚಾರಗಳನ್ನು ತಿಳಿಯಬೇಕಾದಾಗ ಅವನು ನೇರವಾಗಿ ಪ್ರಶ್ನಿಸುತ್ತಿರಲಿಲ್ಲ. ಸ್ಕಾಟ್ಲೆಂಡಿನ ಗುಡ್ಡಗಾಡಿನ ತನ್ನ ಪೂರ್ವಿಕರ ಕಾಲದ ಅಂಥದೇ ಒಂದು ಸಂಗತಿಯನ್ನು ಮೊದಲು ಹೇಳುತ್ತಿದ್ದನು. ಆಗ ಕೇಳುವವರ ಸಂಕೋಚ ಕರಗಿ, ಅವರಲ್ಲಿದ್ದ ಕಥೆ ಹೊರಬರುತ್ತಿತ್ತು. 1745ರ ದಂಗೆಯ ಬಳಿಕ ಗುಡ್ಡಗಾಡಿನ ಸ್ಕಾಟರ ಶಸ್ತ್ರಗಳನ್ನು ಕಸಿದು, ಉಡುಪನ್ನು ನಿಷೇಧಿಸಿ, ಕುಲನಾಯಕರ ಅಧಿಕಾರವನ್ನು ಮುರಿದ ಚರಿತ್ರೆಯನ್ನು ಅವನು ಫ್ರೆಂಚರ ಆಡಳಿತದಲ್ಲಿದ್ದ ಮಾರ್ಕೆಸಾಸ್‌ನ ಸ್ಥಿತಿಯ ಪಕ್ಕದಲ್ಲಿಟ್ಟನು. ಹತ್ತೊಂಬತ್ತನೆಯ ಶತಮಾನದ ಪ್ರವಾಸಕಥನಗಳಲ್ಲಿ ಬಹುಪಾಲು ‘ನಾಗರಿಕ–ಅನಾಗರಿಕ’ ಎಂಬ ಅಳತೆಗೋಲನ್ನು ಹಿಡಿದಿದ್ದ ಕಾಲದಲ್ಲಿ, ತನ್ನ ನಾಡನ್ನೂ ಪರಕೀಯರ ನಾಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ ಕ್ರಮವಿದು.

ಟೊಳ್ಳಾದ ಹಾಯಿಕಂಬ

ಹಿವಾ ಓವಾ ದ್ವೀಪ, ಫಕರಾವಾ ಹವಳದಿಬ್ಬಗಳನ್ನು ದಾಟಿ ನೌಕೆ ಟಹೀಟಿಯ ಪಪೇಟೆಗೆ ಬಂದಿತು. ಅಲ್ಲಿ ಸ್ಟೀವನ್‌ಸನ್ ಮತ್ತೆ ತೀವ್ರವಾಗಿ ಅಸ್ವಸ್ಥನಾದನು. ದ್ವೀಪದ ಇನ್ನೊಂದು ಬದಿಯ ತೌತಿರಾ ಗ್ರಾಮಕ್ಕೆ ಅವನನ್ನು ಕರೆದೊಯ್ದಾಗ, ಮೋಯೆ ಎಂಬ ರಾಜವಂಶದ ಮಹಿಳೆ ಹಸಿಮೀನಿನ ಆಹಾರವನ್ನು ತಾನೇ ಸಿದ್ಧಪಡಿಸಿ ಉಣಿಸಿ ಉಪಚರಿಸಿದಳು. ಗ್ರಾಮದ ಮುಖ್ಯಸ್ಥ ಓರಿ ಅ ಓರಿ ತನ್ನ ಮನೆಯನ್ನೇ ಬಿಟ್ಟುಕೊಟ್ಟನು.

ಅಷ್ಟರಲ್ಲಿ ಕ್ಯಾಸ್ಕೋದ ಹಾಯಿಕಂಬ ಒಳಗೇ ಕೊಳೆತು ಟೊಳ್ಳಾಗಿದೆಯೆಂಬುದು ಬೆಳಕಿಗೆ ಬಂದಿತು. ಒಂದು ಬಿರುಗಾಳಿ ಬೀಸಿದ್ದರೆ ಅದು ಮುರಿದು ನೌಕೆಯೇ ಮುಳುಗಬಹುದಾಗಿತ್ತು. ದುರಸ್ತಿಗಾಗಿ ನೌಕೆ ಪಪೇಟೆಗೆ ಹೋಯಿತು. ಕೆಲಸ ವಾರಗಟ್ಟಲೆ ಎಳೆಯಿತು. ತೌತಿರಾದಲ್ಲಿ ಉಳಿದವರ ಹಣವೂ ದಿನಸಿಯೂ ಮುಗಿಯುತ್ತ ಬಂದವು. ಶ್ರೀಮಂತ ಯಾತ್ರಿಕರು ಈಗ ಓರಿಯ ಅನ್ನದ ಋಣದಲ್ಲಿದ್ದರು. ಟಹೀಟಿಯ ಸಂಪ್ರದಾಯದಂತೆ ಅತಿಥಿ–ಆತಿಥೇಯರು ಹೆಸರು ಬದಲಾಯಿಸಿಕೊಂಡರು. ಸ್ಟೀವನ್‌ಸನ್ ‘ತೇರಿಯಿತೇರಾ’ ಆದನು, ಓರಿ ‘ರುಯಿ’ ಆದನು. ‘ಲೂಯಿ’ ಎಂಬ ಹೆಸರು ಟಹೀಟಿಯ ನಾಲಗೆಯಲ್ಲಿ ತಾಳಿದ ರೂಪವದು.

ನೌಕೆ ಸುಸ್ಥಿತಿಯಲ್ಲಿದ್ದಾಗ ಲೇಖಕನು ಅದರ ಕಟಕಟೆಯಿಂದ ದ್ವೀಪವನ್ನು ನೋಡಿದನು. ನೌಕೆ ಕೈಕೊಟ್ಟಾಗ ದ್ವೀಪದವರ ಮನೆಯಲ್ಲಿ ಉಂಡನು. ಪುರಾತನ ಟಹೀಟಿಯ ಐತಿಹ್ಯವೊಂದನ್ನು ಆಧರಿಸಿದ ‘ದ ಸಾಂಗ್ ಆಫ್ ರಹೇರೊ’ ಎಂಬ ಕಥನಕವನ ರೂಪುಗೊಂಡದ್ದು ಇಲ್ಲಿಯೇ. ಅದನ್ನು ಅವನು ಓರಿಗೆ ಅರ್ಪಿಸಿದನು. ಋಣದ ಸಂಬಂಧದಿಂದ ಸಾಹಿತ್ಯ ಹುಟ್ಟಿದ ನಿದರ್ಶನವಿದು.

1888ರ ಕ್ರಿಸ್ಮಸ್ ದಿನ ತೌತಿರಾವನ್ನು ಬಿಟ್ಟ ಕ್ಯಾಸ್ಕೋ 1889ರ ಜನವರಿಯಲ್ಲಿ ಹೊನೊಲುಲು ಸೇರಿತು. ನೌಕೆಯನ್ನು ಅಲ್ಲಿಂದ ಹಿಂದಕ್ಕೆ ಕಳುಹಿಸಲಾಯಿತು. ಮುಂದೆ ಅದು ಹಲವು ಕೈಗಳನ್ನು ದಾಟಿ, ಸೀಲ್ ಬೇಟೆಯಂಥ ಕೆಲಸಗಳಿಗೆ ಬಳಕೆಯಾಗಿ, 1919ರಲ್ಲಿ ಬೇರಿಂಗ್ ಸಮುದ್ರದ ಕಿಂಗ್ ದ್ವೀಪದ ಬಳಿ ಒಡೆದುಹೋಯಿತು.

ಕೊಬ್ಬರಿಯ ಹಡಗು

ಹವಾಯಿಯಲ್ಲಿ ದೊರೆ ಕಲಾಕವಾನ ಸ್ನೇಹ ಸ್ಟೀವನ್‌ಸನ್ನನಿಗೆ ದೊರೆಯಿತು. ವಿದೇಶಿ ಹಿತಾಸಕ್ತಿಗಳು ಒಂದು ದ್ವೀಪರಾಜ್ಯದ ಸಾರ್ವಭೌಮತ್ವವನ್ನು ಒಳಗಿನಿಂದ ಹೇಗೆ ಕೊರೆಯುತ್ತವೆಂಬುದನ್ನು ಅವನು ಕಂಡದ್ದು ಅಲ್ಲಿ. ಮೊಲೊಕಾಯಿ ದ್ವೀಪದ ಕಲೌಪಪಾ ಕುಷ್ಠರೋಗಿಗಳ ವಸತಿಗೆ ಅವನು ಹೋದದ್ದು, ಅಲ್ಲಿ ಸೇವೆ ಸಲ್ಲಿಸಿ ಅದೇ ರೋಗದಿಂದ 1889ರ ಏಪ್ರಿಲ್ 15ರಂದು ಮಡಿದ ಪಾದ್ರಿ ಡೇಮಿಯನ್ನನ ಮರಣದ ಮರುತಿಂಗಳು. ಡೇಮಿಯನ್ನನ ಚಾರಿತ್ರ್ಯವನ್ನು ಹಳಿದ ಹೊನೊಲುಲುವಿನ ರೆವರೆಂಡ್ ಹೈಡ್‌ಗೆ ಅವನು 1890ರಲ್ಲಿ ಬರೆದ ಬಹಿರಂಗ ಪತ್ರ ಇಂಗ್ಲಿಷ್ ವಾದಗದ್ಯದ ಪ್ರಸಿದ್ಧ ಮಾದರಿಗಳಲ್ಲೊಂದು.

1889ರ ಜೂನ್ ತಿಂಗಳಲ್ಲಿ ಅವನು ಮತ್ತೆ ಕಡಲಿಗಿಳಿದನು. ಈ ಬಾರಿಯ ಹಡಗಿನಲ್ಲಿ ಮಖಮಲ್ಲಾಗಲೀ ಕನ್ನಡಿಗಳಾಗಲೀ ಇರಲಿಲ್ಲ. ‘ಈಕ್ವೇಟರ್’ ಎಂಬುದು ಕೊಬ್ಬರಿ ಸಂಗ್ರಹಿಸಲು ದ್ವೀಪದಿಂದ ದ್ವೀಪಕ್ಕೆ ಅಲೆಯುವ ವ್ಯಾಪಾರದ ಸ್ಕೂನರ್. ಅದರ ಕಪ್ತಾನ ಡೆನಿಸ್ ರೀಡ್. ವ್ಯಾಪಾರದ ಹಡಗು ನಿಲ್ಲುವ ತಾಣಗಳು ಬೇರೆ, ಅಲ್ಲಿ ಕೇಳಿಬರುವ ಮಾತು ಬೇರೆ. ಒಂದು ಬುಟ್ಟಿ ಕೊಬ್ಬರಿಗೆ ಎಷ್ಟು ತಂಬಾಕು, ಯಾವ ವ್ಯಾಪಾರಿ ತಕ್ಕಡಿಯಲ್ಲಿ ಮೋಸ ಮಾಡುತ್ತಾನೆ, ಯಾವ ದಂಡೆಯಲ್ಲಿ ಯಾರು ಯಾರ ಹೆಣ್ಣನ್ನು ‘ಮದುವೆ’ಯಾದರು ಎಂಬುದೇ ಅಲ್ಲಿಯ ಮಾತುಕತೆ.

ಈಕ್ವೇಟರ್ ಅವನನ್ನು ಒಯ್ದದ್ದು ಇಂದು ಕಿರಿಬಾಟಿ ಎಂಬ ಸ್ವತಂತ್ರ ರಾಷ್ಟ್ರದ ಭಾಗವಾಗಿರುವ ಗಿಲ್ಬರ್ಟ್ ದ್ವೀಪಗಳಿಗೆ. ಬುಟಾರಿಟಾರಿಯಲ್ಲಿ, ಅಮೆರಿಕದ ಸ್ವಾತಂತ್ರ್ಯ ದಿನಾಚರಣೆಯ ನೆಪದಲ್ಲಿ ಮದ್ಯನಿಷೇಧವನ್ನು ಅಲ್ಲಿಯ ಅರಸ ಸಡಿಲಿಸಿದ್ದನು. ದಿನಗಟ್ಟಲೆ ಕುಡಿತ, ಬಂದೂಕು, ಕಲಹಗಳ ನಡುವೆ ಸ್ಟೀವನ್‌ಸನ್ನನ ಕುಟುಂಬ ಜೀವಭಯದಿಂದ ಕಾಲ ಕಳೆಯಬೇಕಾಯಿತು. ಆ ಮದ್ಯವನ್ನು ಮಾರುತ್ತಿದ್ದವರು ಬಿಳಿಯ ವ್ಯಾಪಾರಿಗಳೇ. ಅಬೆಮಾಮಾದ ದೊರೆ ಟೆಂಬಿನೋಕ ಇದಕ್ಕೆ ತದ್ವಿರುದ್ಧ. ತನ್ನ ದ್ವೀಪಗಳ ಕೊಬ್ಬರಿ ವ್ಯಾಪಾರವನ್ನೆಲ್ಲ ಸ್ವತಃ ಹಿಡಿದಿಟ್ಟುಕೊಂಡಿದ್ದ ಅವನು ಬಿಳಿಯರಿಗೆ ನೆಲೆಸಲು ಎಡೆಗೊಡುತ್ತಿರಲಿಲ್ಲ. ಗಡಿಯಾರ, ಛತ್ರಿ, ಹೊಲಿಗೆಯಂತ್ರ, ಸಂಗೀತದ ಪೆಟ್ಟಿಗೆಗಳಿಂದ ಅವನ ಉಗ್ರಾಣಗಳು ತುಂಬಿದ್ದವು. ಕೊಳ್ಳುವುದು ಅವನ ದೌರ್ಬಲ್ಯ, ಆದರೆ ನೆಲವನ್ನು ಮಾರುವಾತನಲ್ಲ. ಸ್ಟೀವನ್‌ಸನ್ನನ ಮುಖಭಾವವನ್ನು ಚೆನ್ನಾಗಿ ಪರೀಕ್ಷಿಸಿದ ಮೇಲೆಯೇ, ತನ್ನ ಪ್ರಜೆಗಳಿಗೆ ಮದ್ಯವನ್ನಾಗಲೀ ಹಣವನ್ನಾಗಲೀ ಕೊಡಕೂಡದೆಂಬ ಕಟ್ಟಳೆ ವಿಧಿಸಿ ಅವನಿಗೆ ತಾತ್ಕಾಲಿಕ ವಸತಿ ಕಲ್ಪಿಸಿದನು. ಸ್ಟೀವನ್‌ಸನ್ ಈ ಅರಸನ ನಿರಂಕುಶತೆಯನ್ನು ಮರೆಮಾಚುವುದಿಲ್ಲ, ಅವನ ಬುದ್ಧಿಶಕ್ತಿಗೆ ತಲೆಬಾಗದೆಯೂ ಇರುವುದಿಲ್ಲ. ‘ಇನ್ ದ ಸೌತ್ ಸೀಸ್’ನಲ್ಲಿ ಇಷ್ಟು ಪೂರ್ಣವಾಗಿ ಕಡೆದು ನಿಲ್ಲಿಸಿದ ಇನ್ನೊಂದು ವ್ಯಕ್ತಿಚಿತ್ರ ದುರ್ಲಭ.

ಅಪಿಯಾದ ಬಂದರು

1889ರ ಡಿಸೆಂಬರ್ 7ರಂದು ಈಕ್ವೇಟರ್ ಸಮೋವಾದ ಅಪಿಯಾಕ್ಕೆ ಬಂದಿತು. ಬಂದರಿನ ಹವಳಬಂಡೆಯ ಮೇಲೆ ಜರ್ಮನಿಯ ಯುದ್ಧನೌಕೆ ‘ಆಡ್ಲರ್’ ಮಗುಚಿ ಬಿದ್ದಿತ್ತು. ಆ ದೃಶ್ಯದ ಹಿನ್ನೆಲೆಯನ್ನು ತಿಳಿಯದೆ ಮುಂದಿನ ಕಥೆ ಅರ್ಥವಾಗದು.

ಸಮೋವಾದ ಮೇಲೆ ಜರ್ಮನಿ, ಬ್ರಿಟನ್, ಅಮೆರಿಕ ಈ ಮೂರು ಶಕ್ತಿಗಳ ಕಣ್ಣಿತ್ತು. ಜರ್ಮನ್ ಕಂಪನಿಯೊಂದು ವಿಸ್ತಾರವಾದ ತೆಂಗಿನ ತೋಟಗಳನ್ನು ಹೊಂದಿ, ಇತರ ದ್ವೀಪಗಳಿಂದ ಕೂಲಿಗಳನ್ನು ತರಿಸಿ ದುಡಿಸುತ್ತಿತ್ತು. ಸಮೋವಾದ ಉನ್ನತ ಪದವಿಗಳಿಗಾಗಿ ಮನೆತನಗಳ ನಡುವೆ ಇದ್ದ ಸ್ಪರ್ಧೆಗೆ ಒಬ್ಬೊಬ್ಬ ವಿದೇಶಿ ಕಾನ್ಸಲನ ಬೆಂಬಲ ಸೇರಿ ಅಂತರ್ಯುದ್ಧವೇ ಹೊತ್ತಿತು. 1888ರ ಡಿಸೆಂಬರಿನಲ್ಲಿ ಮತಾಫಾನ ಯೋಧರೊಡನೆ ನಡೆದ ಕಾಳಗದಲ್ಲಿ ಜರ್ಮನ್ ನಾವಿಕರು ಸತ್ತರು. 1889ರ ಮಾರ್ಚ್‌ನಲ್ಲಿ ಮೂರು ದೇಶಗಳ ಏಳು ಯುದ್ಧನೌಕೆಗಳು ಪರಸ್ಪರ ದುರುಗುಟ್ಟುತ್ತ ಅಪಿಯಾ ಬಂದರಿನಲ್ಲಿ ನಿಂತಿದ್ದಾಗ ಭೀಕರ ಚಂಡಮಾರುತ ಅಪ್ಪಳಿಸಿತು. ಬ್ರಿಟನ್ನಿನ ‘ಕ್ಯಾಲಿಯೊಪಿ’ ಒಂದೇ ತೆರೆದ ಕಡಲಿಗೆ ನುಗ್ಗಿ ಪಾರಾಯಿತು. ಜರ್ಮನಿಯ ಮೂರೂ ಅಮೆರಿಕದ ಮೂರೂ ಬಂಡೆಗೆ ಬಡಿದವು ಅಥವಾ ದಂಡೆಗೆ ಎಸೆಯಲ್ಪಟ್ಟವು. ನೂರಕ್ಕೂ ಹೆಚ್ಚು ನಾವಿಕರು ಸತ್ತರು. ಕೆಲವೇ ತಿಂಗಳ ಹಿಂದೆ ಜರ್ಮನರೊಡನೆ ಹೋರಾಡಿದ್ದ ಸಮೋವಾದ ಜನರೇ ಅಲೆಗಳಿಗೆ ಧುಮುಕಿ ಅಮೆರಿಕನ್ನರನ್ನೂ ಜರ್ಮನರನ್ನೂ ದಡ ಸೇರಿಸಿದರು. ಅದೇ ಜೂನ್ ತಿಂಗಳಲ್ಲಿ ಬರ್ಲಿನ್ನಿನಲ್ಲಿ ಮೂರು ಶಕ್ತಿಗಳು ಒಪ್ಪಂದ ಮಾಡಿಕೊಂಡು, ಮಲಿಯೆಟೋವಾ ಲೌಪೆಪಾನನ್ನು ದೊರೆಯಾಗಿ ಮಾನ್ಯ ಮಾಡಿ, ವಿದೇಶಿ ಅಧಿಕಾರಿಗಳನ್ನು ಸಮೋವಾದ ಮೇಲೆ ನೇಮಿಸಿದವು.

ಮೊದಲ ನೋಟಕ್ಕೆ ಸಮೋವಾ ಸ್ಟೀವನ್‌ಸನ್ನನನ್ನು ಅಷ್ಟೇನೂ ಸೆಳೆಯಲಿಲ್ಲ. ಅಲ್ಲಿ ನೆಲೆಸುವ ನಿರ್ಧಾರಕ್ಕೆ ಒಂದು ಪ್ರಾಯೋಗಿಕ ಕಾರಣವಿತ್ತು: ಸಿಡ್ನಿ ಮತ್ತು ಸ್ಯಾನ್ ಫ್ರಾನ್ಸಿಸ್ಕೊ ನಡುವಣ ಅಂಚೆಹಡಗಿನ ಸಂಪರ್ಕ ಅಪಿಯಾಕ್ಕೆ ಇತ್ತು. ಬರಹದಿಂದ ಬದುಕುವವನಿಗೆ ಅಂಚೆಯೇ ಜೀವನಾಡಿ. ಅಪಿಯಾದ ಮೇಲಿನ ಇಳಿಜಾರಿನಲ್ಲಿ ಮುನ್ನೂರು ಎಕರೆಗೂ ಮಿಕ್ಕ ಕಾಡುಭೂಮಿಯನ್ನು ಅವನು ಕೊಂಡನು. ಅದುವೇ ವೈಲಿಮಾ. 1890ರ ಆರಂಭದಲ್ಲಿ ಸಿಡ್ನಿಗೆ ಹೋದೊಡನೆ ಮತ್ತೆ ರೋಗ ಮರುಕಳಿಸಿತು. ತಂಪು ನಾಡುಗಳ ಬಾಗಿಲು ತನಗೆ ಮುಚ್ಚಿತೆಂಬುದು ಅವನಿಗೆ ಸ್ಪಷ್ಟವಾಯಿತು. ‘ಜಾನೆಟ್ ನಿಕಲ್’ ಎಂಬ ಉಗಿಹಡಗಿನಲ್ಲಿ ಮತ್ತೊಂದು ಸುತ್ತು ದ್ವೀಪಸಂಚಾರ ಮುಗಿಸಿ, ಆ ವರ್ಷದ ಕೊನೆಯ ಭಾಗದಲ್ಲಿ ಅವನು ವೈಲಿಮಾದಲ್ಲಿ ನೆಲೆಗೊಂಡನು.

ಗದ್ಯದ ಪಲ್ಲಟ

ಓದುಗರು ಅವನಿಂದ ನಿರೀಕ್ಷಿಸಿದ್ದು ಏನನ್ನು? ಮೆಕ್ಲೂರನಿಗೆ ಬೇಕಿದ್ದುದು ಪ್ರಸಿದ್ಧ ಸಾಹಸಕಥೆಗಾರನ ಸ್ವಂತ ಸಾಹಸಗಳು. ಬಂದದ್ದಾದರೋ ಜನಸಂಖ್ಯೆ, ಭೂಮಿಯ ಒಡೆತನ, ನಿಷೇಧಪದ್ಧತಿ, ಸಾವಿನ ಕುರಿತ ನಂಬಿಕೆಗಳ ಮೇಲಿನ ಗಂಭೀರ ಬರಹ. 1889ರಲ್ಲಿಯೇ ಫ್ಯಾನಿ ಲಂಡನ್ನಿನ ಆಪ್ತಮಿತ್ರ ಸಿಡ್ನಿ ಕಾಲ್ವಿನ್‌ಗೆ ಪತ್ರ ಬರೆದು, ಪತಿ ಇಷ್ಟು ಸೊಗಸಾದ ಸಾಮಗ್ರಿಯನ್ನು ಶಾಸ್ತ್ರಗ್ರಂಥವನ್ನಾಗಿ ಮಾಡಲು ಹಟ ಹಿಡಿದಿದ್ದಾನೆಂದು ಅಲವತ್ತುಕೊಂಡಳು. ಮಾರುಕಟ್ಟೆಯ ದೃಷ್ಟಿಯಿಂದ ಆಕೆಯ ಆತಂಕ ನಿಜವಾಯಿತು. ಪತ್ರಿಕೆಗಳಲ್ಲಿ ಬಂದ ಆ ಲೇಖನಮಾಲೆ ಜನಪ್ರಿಯವಾಗಲಿಲ್ಲ.

ಆದರೆ ಆ ಅಧ್ಯಯನ ಕಥೆಗಳಿಗೆ ಮೂಳೆಯಾಗಿ ಒದಗಿತು. 1892ರಲ್ಲಿ ಪ್ರಕಟವಾದ ‘ದ ಬೀಚ್ ಆಫ್ ಫಾಲೆಸಾ’ ಇದಕ್ಕೆ ಉತ್ತಮ ಉದಾಹರಣೆ. ಕಥೆಯನ್ನು ಹೇಳುವವನು ವಿಲ್ಟ್‌ಶರ್ ಎಂಬ ಕೊಬ್ಬರಿ ವ್ಯಾಪಾರಿ. ಉಮಾ ಎಂಬ ದ್ವೀಪದ ಹೆಣ್ಣನ್ನು ಅವನಿಗೆ ಕಟ್ಟುವಾಗ ಬಳಸುವ ಮದುವೆಪತ್ರ ಶುದ್ಧ ಮೋಸ. ಒಂದು ರಾತ್ರಿಯ ಮಟ್ಟಿಗಿನ ಮದುವೆಯೆಂದೂ ಮರುದಿನ ಬೇಕಾದರೆ ಓಡಿಸಬಹುದೆಂದೂ ಅದರಲ್ಲಿ ಬರೆದಿರುತ್ತದೆ. ಓದಲು ಬಾರದ ಉಮಾ ಅದನ್ನು ಪವಿತ್ರ ದಾಖಲೆಯೆಂದು ಜೋಪಾನ ಮಾಡುತ್ತಾಳೆ. ಲಂಡನ್ನಿನ ಸಚಿತ್ರ ವಾರಪತ್ರಿಕೆ ಈ ಒಪ್ಪಂದದ ಪಾಠವನ್ನೇ ಕೈಬಿಟ್ಟಿತು. ಪುಸ್ತಕ ಪ್ರಕಾಶಕರು ‘ಒಂದು ರಾತ್ರಿ’ಯನ್ನು ‘ಒಂದು ವಾರ’ ಮಾಡಿದರು. ದ್ವೀಪದಲ್ಲಿ ನಿತ್ಯ ನಡೆಯುತ್ತಿದ್ದ ವಂಚನೆ ನಡೆಸುವವರಿಗೆ ಅಸಭ್ಯವೆನಿಸಿರಲಿಲ್ಲ. ಅದನ್ನು ಅಚ್ಚಿನಲ್ಲಿ ಓದುವುದು ಲಂಡನ್ನಿನವರಿಗೆ ಅಸಭ್ಯವೆನಿಸಿತು. ಪಾಠಾಂತರಗಳ ಅಧ್ಯಯನ ಸಾಮಾಜಿಕ ಇತಿಹಾಸಕ್ಕೆ ಎಷ್ಟು ನೆರವಾಗಬಲ್ಲುದೆಂಬುದಕ್ಕೆ ಈ ಒಂದು ಪದವೇ ಸಾಕ್ಷಿ.

‘ದ ಎಬ್-ಟೈಡ್’ (1894) ಕಾದಂಬರಿಯಲ್ಲಿ ಹಡಗಿನ ರೂಪಕ ಮತ್ತಷ್ಟು ಕತ್ತಲಾಗುತ್ತದೆ. ಪಪೇಟೆಯ ದಂಡೆಯಲ್ಲಿ ಬೀಡುಬಿಟ್ಟ ಮೂವರು ದಿಕ್ಕೆಟ್ಟ ಬಿಳಿಯರು ಸಿಡುಬಿನಿಂದ ಅಧಿಕಾರಿಗಳನ್ನು ಕಳೆದುಕೊಂಡ ಸ್ಕೂನರೊಂದನ್ನು ವಹಿಸಿಕೊಂಡು ಕದ್ದೊಯ್ಯುತ್ತಾರೆ. ಅದರಲ್ಲಿರುವ ಷಾಂಪೇನ್ ಸೀಸೆಗಳಲ್ಲಿ ಬಹುಪಾಲು ಬರೀ ನೀರು. ಅವರು ತಲುಪುವ ಮುತ್ತಿನ ದ್ವೀಪದಲ್ಲಿಯೂ ಸಿಡುಬು ಜನರನ್ನು ಕೊಂದಿರುತ್ತದೆ. ಬೈಬಲ್ ಮತ್ತು ಬಂದೂಕು ಎರಡನ್ನೂ ಹಿಡಿದ ಆಟ್‌ವಾಟರ್ ಅಲ್ಲಿಯ ಅಧಿಪತಿ. ‘ಟ್ರೆಷರ್ ಐಲೆಂಡ್’ನ ನಿರ್ಜನ ದ್ವೀಪ ನಿಧಿಗಾಗಿ ಕಾದಿದ್ದ ಒಂದು ಬಯಲು. ಈ ದ್ವೀಪ ನಿರ್ಜನವಾದುದಕ್ಕೆ ಕಾರಣವಿದೆ, ಆ ಕಾರಣ ಹಡಗಿನಲ್ಲಿ ಬಂದಿದೆ. ಎರಡು ಕೃತಿಗಳ ನಡುವಣ ಅಂತರವೇ ಕ್ಯಾಸ್ಕೋ ಕ್ರಮಿಸಿದ ದೂರ.

ಸಮೋವಾ ಭಾಷೆಯ ಸಾಹಿತ್ಯಚರಿತ್ರೆಯಲ್ಲಿಯೂ ಸ್ಟೀವನ್‌ಸನ್ನನಿಗೆ ಒಂದು ಸ್ಥಾನವಿದೆ. ಅವನ ‘ದ ಬಾಟಲ್ ಇಂಪ್’ ಕಥೆ 1891ರಲ್ಲಿ ಮಿಷನರಿಗಳ ‘ಓ ಲೆ ಸುಲು ಸಮೋವಾ’ ಪತ್ರಿಕೆಯಲ್ಲಿ ಸಮೋವಾ ಭಾಷೆಗೆ ಅನುವಾದಗೊಂಡು ಧಾರಾವಾಹಿಯಾಗಿ ಬಂದಿತು. ಕಟ್ಟುಕಥೆಯನ್ನು ಅಚ್ಚಿನಲ್ಲಿ ಓದಿ ರೂಢಿಯಿಲ್ಲದ ಓದುಗರು ವೈಲಿಮಾಕ್ಕೆ ಬಂದಾಗ ಆ ಸೀಸೆಯನ್ನು ತೋರಿಸೆಂದು ಕೇಳುತ್ತಿದ್ದರಂತೆ. ಕಥೆ ಬರೆಯುವವನು ಎಂಬರ್ಥದ ‘ತುಸಿತಾಲಾ’ ಅವನಿಗೆ ಸಮೋವಾ ಕೊಟ್ಟ ಹೆಸರು.

ಅಡಿಟಿಪ್ಪಣಿಯೆಂಬ ಚರಿತ್ರೆ

1892ರಲ್ಲಿ ಅವನು ‘ಎ ಫುಟ್‌ನೋಟ್ ಟು ಹಿಸ್ಟರಿ’ ಎಂಬ ಗ್ರಂಥವನ್ನು ಪ್ರಕಟಿಸಿದನು. ಸಮೋವಾದ ಎಂಟು ವರ್ಷಗಳ ಸಂಕಟವೇ ಅದರ ವಸ್ತು. ಮಹಾಶಕ್ತಿಗಳ ಇತಿಹಾಸದಲ್ಲಿ ಇದೊಂದು ಅಡಿಟಿಪ್ಪಣಿ ಮಾತ್ರವೆಂಬ ವ್ಯಂಗ್ಯ ಶೀರ್ಷಿಕೆಯಲ್ಲಿಯೇ ಇದೆ. ಗ್ರಂಥದ ವಿನ್ಯಾಸ ಗಮನಿಸಬೇಕಾದುದು. ಕಲಹದ ಮೂಲಗಳನ್ನು ವಿವರಿಸುವಾಗ ಮೊದಲ ಅಧ್ಯಾಯವನ್ನು ಸಮೋವಾದ ಪದವಿ, ಕುಲ, ಕೊಡುಕೊಳ್ಳುವಿಕೆಗಳ ವ್ಯವಸ್ಥೆಗೂ ಎರಡನೆಯದನ್ನು ವಿದೇಶೀಯರಿಗೂ ಮೀಸಲಿಟ್ಟನು. ಎರಡೂ ಕಡೆಯವರಿಗೆ ಸ್ವಂತ ತರ್ಕವಿದೆಯೆಂದು ಒಪ್ಪಿಕೊಂಡು ಬರೆದ ಚರಿತ್ರೆಯಿದು. ಚಂಡಮಾರುತದ ಅಧ್ಯಾಯ ಇಂಗ್ಲಿಷಿನ ಶ್ರೇಷ್ಠ ಸಾಗರಗದ್ಯದ ಸಾಲಿಗೆ ಸೇರುತ್ತದೆ.

ಇದರ ಜೊತೆಗೆ ಲಂಡನ್ನಿನ ‘ದ ಟೈಮ್ಸ್’ ಪತ್ರಿಕೆಗೆ ಅವನು ಪತ್ರಗಳ ಮೇಲೆ ಪತ್ರ ಬರೆದು, ಬರ್ಲಿನ್ ಒಪ್ಪಂದದಂತೆ ನೇಮಕಗೊಂಡ ಮುಖ್ಯ ನ್ಯಾಯಾಧೀಶ ಸೆಡರ್‌ಕ್ರಾಂಟ್ಸ್ ಮತ್ತು ಪೌರಸಭೆಯ ಅಧ್ಯಕ್ಷ ಜೆನ್ಫ್ಟ್ ಫಾನ್ ಪಿಲ್ಸಾಕ್ ಇವರ ಆಡಳಿತವನ್ನು ಟೀಕಿಸಿದನು. 1892ರ ಕೊನೆಯಲ್ಲಿ ಬ್ರಿಟಿಷ್ ಹೈ ಕಮಿಷನರ್ ಜಾನ್ ಥರ್ಸ್ಟನ್ ಸಮೋವಾದಲ್ಲಿರುವ ಬ್ರಿಟಿಷ್ ಪ್ರಜೆಗಳ ರಾಜದ್ರೋಹದ ಮಾತು–ಬರಹಗಳನ್ನು ದಂಡಿಸುವ ನಿಯಮ ಹೊರಡಿಸಿದಾಗ, ಅದು ಯಾರನ್ನು ಉದ್ದೇಶಿಸಿತ್ತೆಂಬುದು ಗುಟ್ಟಾಗಿರಲಿಲ್ಲ. ಲಂಡನ್ನಿನ ಮಿತ್ರರಿಗಾದರೋ ಈ ದ್ವೀಪಗಳ ರಾಜಕಾರಣ ಬೇಸರ ತರಿಸಿತ್ತು.

1893ರ ಜುಲೈನಲ್ಲಿ ಯುದ್ಧ ಮರುಕಳಿಸಿತು. ಸ್ಟೀವನ್‌ಸನ್ ಬೆಂಬಲಿಸಿದ ಮತಾಫಾ ಸೋತು ಮಾರ್ಷಲ್ ದ್ವೀಪಗಳ ಜಲುಯಿತ್‌ಗೆ ಗಡಿಪಾರಾದನು. ಅವನ ಪಕ್ಷದ ಮುಖಂಡರು ಅಪಿಯಾ ಸೆರೆಮನೆಗೆ ಬಿದ್ದರು. ಸ್ಟೀವನ್‌ಸನ್ ಅವರಿಗೆ ಆಹಾರ, ತಂಬಾಕು ಒಯ್ದನು, ವೈದ್ಯನನ್ನು ಕಳುಹಿಸಿದನು. ಸೆರೆಯಲ್ಲಿದ್ದವರೇ ಅವನಿಗೊಂದು ಔತಣ ನೀಡಿದರು. 1894ರಲ್ಲಿ ಬಿಡುಗಡೆಯಾದ ಬಳಿಕ ಆ ಮುಖಂಡರು ತಮ್ಮ ಜನರೊಡನೆ ಬಂದು, ವೈಲಿಮಾಕ್ಕೆ ರಸ್ತೆಯೊಂದನ್ನು ತಮ್ಮ ಕೈಯಾರೆ ಕಡಿದುಕೊಟ್ಟರು. ‘ಪ್ರೀತಿಯ ಹೃದಯಗಳ ದಾರಿ’ ಎಂಬುದು ಅದರ ಹೆಸರಿನ ಅರ್ಥ. ಶ್ರೇಷ್ಠ ಕುಲದವರು ಗುದ್ದಲಿ ಹಿಡಿಯುವುದು ಸಮೋವಾದಲ್ಲಿ ಸಾಮಾನ್ಯ ಸಂಗತಿಯಲ್ಲ. ಆ ಸಂದರ್ಭದಲ್ಲಿ ಮಾಡಿದ ಭಾಷಣದಲ್ಲಿ ಸ್ಟೀವನ್‌ಸನ್, ನೆಲವನ್ನು ಉತ್ತು ಬೆಳೆದು ದಾರಿಗಳನ್ನು ಕಟ್ಟದಿದ್ದರೆ ಅನ್ಯರು ಬಂದು ಅದನ್ನು ಆಕ್ರಮಿಸುವರೆಂದು ಎಚ್ಚರಿಸಿದನು. ಸ್ಕಾಟ್ಲೆಂಡ್, ಐರ್ಲೆಂಡ್, ಹವಾಯಿಗಳ ಗತಿಯನ್ನು ಮುಂದಿಟ್ಟನು. ಅದಾಗಿ ಎರಡು ತಿಂಗಳಲ್ಲಿ, 1894ರ ಡಿಸೆಂಬರ್ 3ರಂದು, ಮೆದುಳಿನ ರಕ್ತಸ್ರಾವದಿಂದ ಅವನು ತೀರಿಕೊಂಡನು. ಸಮೋವಾದ ಜನರೇ ವೇಯಾ ಬೆಟ್ಟಕ್ಕೆ ದಾರಿ ಕಡಿದು ಶವಪೆಟ್ಟಿಗೆಯನ್ನು ಹೊತ್ತೊಯ್ದರು.

ಮಿತಿಗಳು

ಸ್ಟೀವನ್‌ಸನ್ನನನ್ನು ದ್ವೀಪಗಳ ಉದ್ಧಾರಕನಂತೆ ಚಿತ್ರಿಸುವುದು ಚರಿತ್ರೆಗೆ ಅಪಚಾರವಾದೀತು. ಅವನು ಅಲ್ಲಿ ನೂರಾರು ಎಕರೆಗಳ ಒಡೆಯ, ಸೇವಕರಿಂದ ತುಂಬಿದ ದೊಡ್ಡಮನೆಯ ಯಜಮಾನ. ಅವನ ಮನೆಯ ಸೇವಕರು ವಿಶೇಷ ದಿನಗಳಲ್ಲಿ ಸ್ಕಾಟರ ಚೌಕಳಿ ಬಟ್ಟೆಯ ಲಾವಾಲಾವಾ ಉಡುತ್ತಿದ್ದರು. ಸಮೋವಾದ ಪದವಿವ್ಯವಸ್ಥೆಯನ್ನು ಸ್ಕಾಟಿಷ್ ಕುಲವ್ಯವಸ್ಥೆಯ ಮೂಲಕ ನೋಡಿದ್ದು ಅವನಿಗೆ ಸಹಾನುಭೂತಿಯನ್ನು ಕೊಟ್ಟಿತು. ಸಮೋವಾವನ್ನು ಇನ್ನೊಂದು ಸ್ಕಾಟ್ಲೆಂಡ್ ಆಗಿ ಕಾಣುವ ಅಪಾಯವನ್ನೂ ತಂದಿತು. ಹೋಲಿಕೆ ಬಾಗಿಲನ್ನು ತೆರೆಯುತ್ತದೆ, ಒಳಗಿರುವುದನ್ನು ತೋರಿಸುವ ಕೆಲಸ ಅದರದಲ್ಲ. ರಾಜಕೀಯವಾಗಿಯೂ ಅವನ ಪ್ರಯತ್ನ ಫಲಿಸಲಿಲ್ಲ. ಅವನು ಸತ್ತ ಐದೇ ವರ್ಷಗಳಲ್ಲಿ, 1899ರಲ್ಲಿ, ಸಮೋವಾವನ್ನು ಜರ್ಮನಿ ಮತ್ತು ಅಮೆರಿಕಗಳು ಹಂಚಿಕೊಂಡವು. ವೈಲಿಮಾ ಜರ್ಮನ್ ಗವರ್ನರನ ನಿವಾಸವಾಯಿತು.

ಹಡಗು ತರುವ ಮೃತ್ಯುವಿನ ಕಥೆಯೂ ಅಲ್ಲಿಗೆ ಮುಗಿಯಲಿಲ್ಲ. 1914ರಿಂದ ಪಶ್ಚಿಮ ಸಮೋವಾ ನ್ಯೂಜಿಲೆಂಡಿನ ಕೈಯಲ್ಲಿತ್ತು. 1918ರ ನವೆಂಬರ್ 7ರಂದು ಆಕ್ಲೆಂಡಿನಿಂದ ಬಂದ ‘ತಲೂನೆ’ ಎಂಬ ಹಡಗನ್ನು ಪ್ರತಿಬಂಧಕ ವಾಸಕ್ಕೆ ಒಳಪಡಿಸದೆ ಬಂದರಿಗೆ ಬಿಟ್ಟುಕೊಂಡ ಪರಿಣಾಮವಾಗಿ ಇನ್‌ಫ್ಲುಯೆಂಜಾ ಹರಡಿ, ಸುಮಾರು 8500 ಮಂದಿ, ಅಂದರೆ ಜನಸಂಖ್ಯೆಯ ಐದನೆಯ ಒಂದಕ್ಕೂ ಹೆಚ್ಚು ಭಾಗ, ಕೆಲವೇ ವಾರಗಳಲ್ಲಿ ಸತ್ತಿತು. ಪಕ್ಕದ ಅಮೆರಿಕನ್ ಸಮೋವಾದಲ್ಲಿ ಹಡಗುಗಳನ್ನು ತಡೆದು ನಿಲ್ಲಿಸಿದುದರಿಂದ ಒಂದು ಜೀವವೂ ಹೋಗಲಿಲ್ಲ. 2002ರಲ್ಲಿ ನ್ಯೂಜಿಲೆಂಡಿನ ಪ್ರಧಾನಿ ಹೆಲೆನ್ ಕ್ಲಾರ್ಕ್ ಇದಕ್ಕಾಗಿ ಸಮೋವಾದ ಕ್ಷಮೆ ಕೋರಿದರು. ಹಾಪಾ ಕಣಿವೆಯಲ್ಲಿ ಸ್ಟೀವನ್‌ಸನ್ ಕೇಳಿದ ವೃತ್ತಾಂತ ಮೂವತ್ತು ವರ್ಷಗಳ ಬಳಿಕ ಅವನ ಸಮಾಧಿಯ ಬುಡದಲ್ಲೇ ಪುನರಾವರ್ತನೆಯಾಯಿತು.

1962ರ ಜನವರಿ 1ರಂದು ಪಶ್ಚಿಮ ಸಮೋವಾ ಸ್ವತಂತ್ರವಾಯಿತು. ಆ ಬಳಿಕ ಸಮೋವಾದ ಕಥೆಯನ್ನು ಹೇಳುವ ಹೊಣೆಯನ್ನು ಸಮೋವಾದವರೇ ವಹಿಸಿಕೊಂಡರು. ಆಲ್ಬರ್ಟ್ ವೆಂಟ್ ಅವರ ‘ಸನ್ಸ್ ಫಾರ್ ದ ರಿಟರ್ನ್ ಹೋಮ್’ (1973) ಕಾದಂಬರಿಯಲ್ಲಿ ಯಾನದ ದಿಕ್ಕೇ ತಿರುಗುಮುರುಗಾಗಿದೆ: ಇಲ್ಲಿ ದ್ವೀಪದವರು ನ್ಯೂಜಿಲೆಂಡಿಗೆ ಹೋಗುತ್ತಾರೆ, ಅಲ್ಲಿಯ ಬಿಳಿಯ ಸಮಾಜವನ್ನು ತಮ್ಮ ಕಣ್ಣಿನಿಂದ ಅಳೆಯುತ್ತಾರೆ. ಟಾಂಗಾ ಮೂಲದ ಚಿಂತಕ ಎಪೆಲಿ ಹೌಓಫಾ 1993ರ ‘ಅವರ್ ಸೀ ಆಫ್ ಐಲೆಂಡ್ಸ್’ ಪ್ರಬಂಧದಲ್ಲಿ, ಶಾಂತಸಾಗರವನ್ನು ದೂರದ ಕಡಲಿನಲ್ಲಿ ಚೆದುರಿದ ಚುಕ್ಕೆಗಳೆಂದು ಕಾಣುವುದು ಹೊರಗಿನವರ ದೃಷ್ಟಿಯೆಂದೂ, ದ್ವೀಪವಾಸಿಗಳಿಗೆ ಕಡಲು ತಮ್ಮನ್ನು ಪರಸ್ಪರ ಬೆಸೆಯುವ ವಿಶಾಲ ಮನೆಯೆಂದೂ ಪ್ರತಿಪಾದಿಸಿದರು. ಓರಿಯ ಮನೆಯಲ್ಲಿ ಹೆಸರು ಬದಲಿಸಿಕೊಂಡವನಿಗೆ ಈ ಮಾತಿನ ಅರ್ಥ ಸ್ವಲ್ಪಮಟ್ಟಿಗಾದರೂ ತಿಳಿದಿತ್ತು.

ಸ್ಟೀವನ್‌ಸನ್ನನ ಮಹತ್ವವನ್ನು ಅಳೆಯಬೇಕಾದುದು ಈ ಪ್ರಮಾಣದಲ್ಲಿಯೇ. ಅವನು ದ್ವೀಪದ ದನಿಯಾಗಲಿಲ್ಲ, ಆಗಲೂ ಸಾಧ್ಯವಿರಲಿಲ್ಲ. ತಾನು ಬಂದ ಹಡಗೇ ಸಮಸ್ಯೆಯ ಒಂದು ಭಾಗವೆಂದು ಅರಿತು, ಆ ಅರಿವನ್ನು ತನ್ನ ಓದುಗರಿಗೆ ರುಚಿಸದ ಗದ್ಯದಲ್ಲಿಯೂ ಬರೆದಿಟ್ಟ ಸಾಕ್ಷಿಯಾದನು. ಪ್ರವಾಸಸಾಹಿತ್ಯವನ್ನು ಅಧ್ಯಯನ ಮಾಡುವವರು ಲೇಖಕನ ವರ್ಣನಾಕೌಶಲವನ್ನು ಪರಿಶೀಲಿಸುವ ಮುನ್ನ, ಅವನು ಯಾರ ನೌಕೆಯಲ್ಲಿ ಬಂದನು, ಯಾರ ಅನ್ನವನ್ನು ಉಂಡನು, ಕಡೆಗೆ ಯಾರ ಪರವಾಗಿ ಮಾತನಾಡಿದನು ಎಂಬ ಮೂರು ಪ್ರಶ್ನೆಗಳನ್ನು ಕೇಳುವುದು ಲೇಸು. ಸ್ಟೀವನ್‌ಸನ್ನನ ವಿಷಯದಲ್ಲಿ ಈ ಮೂರಕ್ಕೂ ಬೇರೆ ಬೇರೆ ಉತ್ತರಗಳು ದೊರೆಯುತ್ತವೆ. ಅವನ ಕೊನೆಯ ಆರು ವರ್ಷಗಳ ಬರಹ ಇಂದಿಗೂ ಓದಿಗೆ ಅರ್ಹವಾಗಿರುವುದು ಆ ಕಾರಣದಿಂದಲೇ.